ಅಂಟು ಹಿಡಿಯುವುದು ಸುಲಭ, ಉಳಿಯುವುದು ಕಷ್ಟ: ಪ್ರೈಮರ್ ಏಕೆ ಬೇಕು?

ಸವಣೂರು (ಹಾವೇರಿ ಜಿಲ್ಲೆ): ಸವಣೂರಿನ ಹೆಸರು ಕೇಳಿದೊಡನೆ ನೆನಪಾಗುವುದು ವೀಳ್ಯದೆಲೆ. ಎಲೆಬಳ್ಳಿಯದು ಸೂಕ್ಷ್ಮ ಪ್ರಕೃತಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ತೇವ ಆರಿದರೆ ಎಲೆ ಬಾಡುತ್ತದೆ. ಇಂತಹ ತೋಟಕ್ಕೆ ನೀರು ಹರಿಸುವ ಪೈಪಿನ ಒಂದು ಜೋಡಣೆ ಬೇಸಿಗೆಯ ನಡುವೆ ಬಿಟ್ಟುಕೊಂಡರೆ ರೈತನಿಗೆ ಆಗುವ ನಷ್ಟ ಪೈಪಿನ ಬೆಲೆಗಷ್ಟೇ ಸೀಮಿತವಾಗುವುದಿಲ್ಲ.

ಜೋಡಣೆ ಬಿಟ್ಟಾಗ ಮೊದಲು ಬೈಗುಳ ತಿನ್ನುವುದು ಅಂಟು. ‘ಸೊಲ್ಯೂಷನ್ ಕಳಪೆ’, ‘ಡಬ್ಬಿ ಹಳೆಯದು’ ಎಂಬ ಮಾತು ಸಾಮಾನ್ಯ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ತಪ್ಪು ಅಂಟಿನದಲ್ಲ, ಅಂಟು ಕುಳಿತ ಮೇಲ್ಮೈಯದು. ಅಂಟು ಹಚ್ಚುವ ಮೊದಲು ಮಾಡಬೇಕಾದ ಐದು ನಿಮಿಷದ ಕೆಲಸ ತಪ್ಪಿಹೋಗಿರುತ್ತದೆ. ಆ ಕೆಲಸದ ಮುಖ್ಯ ಭಾಗವೇ ಪ್ರೈಮರ್, ಅಂದರೆ ಅಂಟಿಗೆ ಮುಂಚೆ ಬಳಿಯುವ ತೆಳುವಾದ ರಾಸಾಯನಿಕ ಲೇಪ.

ತೋಟದ ಪೈಪಿನಿಂದ ಹಿಡಿದು ಕಾರಿನ ಮುಂಗಾಜು, ಹಲ್ಲಿನ ಫಿಲ್ಲಿಂಗ್, ಬೆಂಗಳೂರಿನಲ್ಲಿ ತಯಾರಾಗುವ ವಿಮಾನದವರೆಗೆ ಎಲ್ಲೆಡೆ ಇದೇ ಮಾತು ಅನ್ವಯಿಸುತ್ತದೆ. ಪ್ರೈಮರ್ ಇಲ್ಲದ ಜೋಡಣೆಯೂ ಮೊದಲ ದಿನ ಗಟ್ಟಿಯಾಗಿಯೇ ಕಾಣಬಹುದು. ವ್ಯತ್ಯಾಸ ತಿಳಿಯುವುದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ.

ಕೆಸುವಿನ ಎಲೆಯ ಪಾಠ

ಕೆಸುವಿನ ಎಲೆಯ ಮೇಲೆ ನೀರು ಹನಿಸಿದರೆ ಅದು ಮುತ್ತಿನಂತೆ ಉರುಳಿಹೋಗುತ್ತದೆ. ಅದೇ ನೀರನ್ನು ಚೆನ್ನಾಗಿ ತೊಳೆದ ಗಾಜಿನ ಮೇಲೆ ಹನಿಸಿದರೆ ತೆಳುವಾಗಿ ಹರಡಿಕೊಳ್ಳುತ್ತದೆ. ಅಂಟಿನ ವಿಜ್ಞಾನದ ಮೊದಲ ಪಾಠ ಇಲ್ಲಿದೆ. ದ್ರವರೂಪದ ಅಂಟು ಮೇಲ್ಮೈಯನ್ನು ಪೂರ್ತಿಯಾಗಿ ತೋಯಿಸಬೇಕು. ಸಣ್ಣ ಸಣ್ಣ ತಗ್ಗುಗಳಿಗೂ ಇಳಿಯಬೇಕು. ತೋಯಿಸದ ಕಡೆ ಗಾಳಿ ಉಳಿಯುತ್ತದೆ, ಗಾಳಿ ಉಳಿದ ಕಡೆ ಹಿಡಿತ ಇರುವುದಿಲ್ಲ.

ಯಾವ ದ್ರವ ಯಾವ ಮೇಲ್ಮೈಯ ಮೇಲೆ ಹರಡುತ್ತದೆ ಎಂಬುದು ಮೇಲ್ಮೈ ಶಕ್ತಿಯನ್ನು ಅವಲಂಬಿಸಿದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಎಪಾಕ್ಸಿ ಅಂಟಿನದು 45ರ ಆಸುಪಾಸು. ಪಾಲಿಥಿನ್ ಎಂಬ ಪ್ಲಾಸ್ಟಿಕ್ಕಿನ ಮೇಲ್ಮೈ ಶಕ್ತಿ ಸುಮಾರು 31 ಮಾತ್ರ. ಅಂಟಿನ ಎಳೆತಕ್ಕಿಂತ ಮೇಲ್ಮೈ ಶಕ್ತಿ ಕಡಿಮೆ ಇದ್ದರೆ ಅಂಟು ಹರಡುವ ಬದಲು ಹನಿಗಟ್ಟಲು ನೋಡುತ್ತದೆ. ಪಾಲಿಥಿನ್ ಕೊಡ, ಬಕೆಟ್ಟುಗಳು ಒಡೆದಾಗ ಯಾವ ಅಂಟಿಗೂ ಬಗ್ಗದಿರಲು ಇದೇ ಕಾರಣ. ಸ್ವಚ್ಛ ಲೋಹ ಮತ್ತು ಗಾಜಿನ ಮೇಲ್ಮೈ ಶಕ್ತಿ ಇದಕ್ಕಿಂತ ಬಹಳ ಹೆಚ್ಚು. ಆದರೆ ಅವುಗಳ ಮೇಲೆ ಎಣ್ಣೆಯ ಪಸೆ, ಬೆವರು, ದೂಳು ಕೂತಾಗ ಅವೂ ಕೆಸುವಿನ ಎಲೆಯ ಸಾಲಿಗೇ ಸೇರುತ್ತವೆ.

ಎರಡನೆಯ ಪಾಠವನ್ನು ಊರಿನ ಹಳೆಯ ಮನೆಗಳ ಗೋಡೆಗಳು ಹೇಳುತ್ತವೆ. ವರ್ಷವರ್ಷವೂ ಸುಣ್ಣ ಬಳಿದ ಗೋಡೆಯ ಮೇಲೆ ನೇರವಾಗಿ ಡಿಸ್ಟೆಂಪರ್ ಅಥವಾ ಎಮಲ್ಶನ್ ಬಣ್ಣ ಹಚ್ಚಿದರೆ ಕೆಲವೇ ತಿಂಗಳಲ್ಲಿ ಹಕ್ಕಳೆ ಏಳುತ್ತದೆ. ಬಿದ್ದ ಹಕ್ಕಳೆಯ ಹಿಂಬದಿ ನೋಡಿದರೆ ಬಿಳಿಯ ಸುಣ್ಣದ ಪುಡಿ ಅಂಟಿರುತ್ತದೆ. ಬಣ್ಣ ಸುಣ್ಣವನ್ನು ಬಿಟ್ಟಿಲ್ಲ. ಸುಣ್ಣವೇ ಗೋಡೆಯನ್ನು ಬಿಟ್ಟಿದೆ. ತಂತ್ರಜ್ಞರು ಇದನ್ನು ದುರ್ಬಲ ಪದರ ಎನ್ನುತ್ತಾರೆ. ಲೋಹದ ಮೇಲಿನ ತುಕ್ಕು, ರಬ್ಬರಿನ ಮೇಲಿನ ಮೇಣ, ಪ್ಲಾಸ್ಟಿಕ್ ಅಚ್ಚಿನಿಂದ ಬಂದ ಜಾರುಪುಡಿ ಎಲ್ಲವೂ ದುರ್ಬಲ ಪದರಗಳೇ. ಇಂತಹ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಪ್ರೈಮರ್ ಹಚ್ಚಿದರೂ ಪ್ರಯೋಜನವಿಲ್ಲ.

ಪ್ರೈಮರ್ ಮಾಡುವ ಕೆಲಸವೇನು?

ಪ್ರೈಮರ್ ಎಂಬುದು ಒಂದೇ ಬಗೆಯ ರಾಸಾಯನಿಕವಲ್ಲ. ವಸ್ತುವಿಗೆ ಮತ್ತು ಅಂಟಿಗೆ ತಕ್ಕಂತೆ ಅದರ ರಚನೆ ಬದಲಾಗುತ್ತದೆ. ಆದರೂ ಅದರ ಕೆಲಸಗಳನ್ನು ಸ್ಥೂಲವಾಗಿ ನಾಲ್ಕು ಎಂದು ಗುರುತಿಸಬಹುದು.

ಒಂದು, ತೋಯಿಸುವುದು. ಅಂಟು ಸಾಮಾನ್ಯವಾಗಿ ದಪ್ಪ. ಅದು ಸೂಕ್ಷ್ಮ ರಂಧ್ರಗಳಿಗೆ ಇಳಿಯುವುದು ನಿಧಾನ. ತೆಳುವಾದ ಪ್ರೈಮರ್ ಮೊದಲು ಇಳಿದು ತಳಪಾಯ ಹಾಕಿಕೊಡುತ್ತದೆ.

ಎರಡು, ಕಾಯುವುದು. ಉಜ್ಜಿ ಸ್ವಚ್ಛಗೊಳಿಸಿದ ಲೋಹ ಗಾಳಿಗೆ ತೆರೆದಿದ್ದಷ್ಟೂ ತೇವ ಮತ್ತು ದೂಳನ್ನು ಹಿಡಿಯುತ್ತದೆ. ಕೂಡಲೇ ಪ್ರೈಮರ್ ಬಳಿದರೆ ಆ ಸ್ವಚ್ಛತೆ ಉಳಿಯುತ್ತದೆ. ಅಂಟಿಸುವ ಕೆಲಸವನ್ನು ಸ್ವಲ್ಪ ಮುಂದೂಡಲೂ ಅವಕಾಶ ಸಿಗುತ್ತದೆ.

ಮೂರು, ತುಕ್ಕು ತಡೆಯುವುದು. ಲೋಹಕ್ಕೆ ಬಳಸುವ ಹಲವು ಪ್ರೈಮರ್‌ಗಳಲ್ಲಿ ತುಕ್ಕುನಿರೋಧಕ ಲವಣಗಳಿರುತ್ತವೆ. ಅಂಚಿನಿಂದ ನೀರು ನುಸುಳಿದರೂ ಅವು ಲೋಹವನ್ನು ಕಾಪಾಡುತ್ತವೆ.

ನಾಲ್ಕನೆಯದು ಬೆಸೆಯುವುದು. ರಾಸಾಯನಿಕ ಪ್ರೈಮರ್‌ನ ವೈಶಿಷ್ಟ್ಯ ಇರುವುದೇ ಇಲ್ಲಿ. ಸೈಲೇನ್ ಎಂಬ ಸಂಯುಕ್ತಗಳ ಗುಂಪು ಇದಕ್ಕೆ ಒಳ್ಳೆಯ ಉದಾಹರಣೆ. ಸೈಲೇನ್ ಅಣುವಿಗೆ ಎರಡು ಬಗೆಯ ತುದಿಗಳಿವೆ. ಒಂದು ತುದಿ ತೇವದೊಡನೆ ವರ್ತಿಸಿ, ಗಾಜು ಅಥವಾ ಲೋಹದ ಆಕ್ಸೈಡ್ ಪದರದ ಜೊತೆ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಇನ್ನೊಂದು ತುದಿ ಅಂಟಿನ ರಾಳದೊಡನೆ ಸೇರುತ್ತದೆ. ಹೀಗೆ ಸ್ವಭಾವದಲ್ಲಿ ಒಂದಕ್ಕೊಂದು ಹೊಂದದ ಎರಡು ವಸ್ತುಗಳ ನಡುವೆ ಅದು ಬೀಗತನ ಬೆಳೆಸುತ್ತದೆ.

ಸೈಲೇನ್ ಬಳಕೆ ಆರಂಭವಾದದ್ದೂ ನೀರಿನ ಕಾಟದಿಂದಲೇ. 1940ರ ದಶಕದಲ್ಲಿ ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡಿದ ಫೈಬರ್ ಹಾಳೆಗಳು ಒಣಗಿದ್ದಾಗ ಬಲವಾಗಿದ್ದು, ನೀರಿನಲ್ಲಿ ನೆನೆದಾಗ ಬಲ ಕಳೆದುಕೊಳ್ಳುತ್ತಿದ್ದವು. ನಾರಿಗೆ ಮೊದಲು ಸೈಲೇನ್ ಲೇಪಿಸಿದಾಗ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಯಿತು. ಇಂದಿನ ಫೈಬರ್ ನೀರಿನ ಟ್ಯಾಂಕು, ದೋಣಿ, ಗಾಳಿಯಂತ್ರದ ರೆಕ್ಕೆಗಳ ಗಾಜಿನ ನಾರಿನ ಮೇಲೂ ಇಂತಹ ಲೇಪ ಇರುತ್ತದೆ.

ನಿಜವಾದ ಶತ್ರು ನೀರು

ಅಂಟಿನ ಜೋಡಣೆಯನ್ನು ಬಿಡಿಸುವುದು ಭಾರಕ್ಕಿಂತ ಹೆಚ್ಚಾಗಿ ತೇವ ಎಂಬುದು ಈ ಕ್ಷೇತ್ರದ ಅನುಭವ. ನೀರಿನ ಅಣು ಬಹಳ ಸಣ್ಣದು. ಗಟ್ಟಿಯಾದ ಅಂಟಿನೊಳಗೂ ಅದು ನಿಧಾನವಾಗಿ ನುಸುಳುತ್ತದೆ. ಅಂಟು ಮತ್ತು ಲೋಹದ ನಡುವೆ ಕೇವಲ ಭೌತಿಕ ಆಕರ್ಷಣೆ ಇದ್ದರೆ ನೀರು ಆ ಜಾಗವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ಅದರ ಮೇಲಿನ ಆಕ್ಸೈಡ್ ಪದರ ನೀರನ್ನು ಹೀರಿ ಸಡಿಲವಾದ ಹೈಡ್ರಾಕ್ಸೈಡ್ ಆಗಿ ಮಾರ್ಪಡುತ್ತದೆ. ಸುಣ್ಣದ ಗೋಡೆಯ ಕಥೆ ಇಲ್ಲಿ ಕಣ್ಣಿಗೆ ಕಾಣದ ಪ್ರಮಾಣದಲ್ಲಿ ಮರುಕಳಿಸುತ್ತದೆ.

ಹೊಸ ಜೋಡಣೆಯನ್ನು ಎಳೆದು ನೋಡುವ ಪರೀಕ್ಷೆ ಮೋಸ ಮಾಡಬಹುದಾದ್ದೂ ಈ ಕಾರಣಕ್ಕೇ. ಪ್ರೈಮರ್ ಹಚ್ಚಿದ ಮತ್ತು ಹಚ್ಚದ ಎರಡು ತುಂಡುಗಳು ಒಣಗಿದ ಸ್ಥಿತಿಯಲ್ಲಿ ಹೆಚ್ಚುಕಡಿಮೆ ಒಂದೇ ಬಲ ತೋರಬಹುದು. ವ್ಯತ್ಯಾಸ ಹಿಡಿಯಲು ವಿಮಾನ ತಯಾರಕರು ಬಳಸುವುದು ಬೆಣೆ ಪರೀಕ್ಷೆ. ಅಂಟಿಸಿದ ಎರಡು ಅಲ್ಯೂಮಿನಿಯಂ ಪಟ್ಟಿಗಳ ಒಂದು ತುದಿಗೆ ಬೆಣೆ ಹೊಡೆದು, ಬಿರುಕು ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಮಾಡುತ್ತಾರೆ. ನಂತರ ಪಟ್ಟಿಯನ್ನು ಬಿಸಿಯಾದ, ತೇವ ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮೇಲ್ಮೈ ಸಿದ್ಧತೆ ಸರಿಯಿದ್ದರೆ ಬಿರುಕು ಹೆಚ್ಚು ಮುಂದುವರಿಯುವುದಿಲ್ಲ. ಸರಿಯಿಲ್ಲದಿದ್ದರೆ ಗಂಟೆಗಳಲ್ಲೇ ಓಡುತ್ತದೆ.

ಬಿಟ್ಟುಹೋದ ಜೋಡಣೆಯನ್ನು ನೋಡಿ ತಪ್ಪು ಯಾರದೆಂದು ಹೇಳುವ ಸರಳ ಉಪಾಯವೂ ಒಂದಿದೆ. ಎರಡೂ ಬದಿಗಳ ಮೇಲೆ ಅಂಟು ಹರಿದು ಉಳಿದಿದ್ದರೆ ಅಂಟಿನ ಶಕ್ತಿಯೇ ಮುಗಿದಿದೆ ಎಂದರ್ಥ. ಒಂದು ಬದಿ ನುಣುಪಾಗಿ ಸ್ವಚ್ಛವಾಗಿದ್ದು, ಅಂಟೆಲ್ಲ ಇನ್ನೊಂದು ಬದಿಗೆ ಹೋಗಿದ್ದರೆ ದೋಷ ಮೇಲ್ಮೈ ಸಿದ್ಧತೆಯದು. ದುಬಾರಿ ಅಂಟು ತಂದು ಅದೇ ಜಾಗದಲ್ಲಿ ಮತ್ತೆ ಹಚ್ಚಿದರೆ ಎರಡನೆಯ ಬಾರಿಯೂ ಅದೇ ಫಲ.

ಛಾವಣಿ ಹಾರಿಹೋದ ವಿಮಾನ

ಅಂಟಿನ ಬಾಳಿಕೆ ಎಷ್ಟು ಗಂಭೀರ ವಿಷಯ ಎಂಬುದನ್ನು ಜಗತ್ತಿಗೆ ತೋರಿಸಿದ್ದು 1988ರ ಏಪ್ರಿಲ್ 28ರ ಘಟನೆ. ಹವಾಯಿ ದ್ವೀಪಗಳ ಹಿಲೊದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ 24 ಸಾವಿರ ಅಡಿ ಎತ್ತರದಲ್ಲಿತ್ತು. ಏಕಾಏಕಿ ಮುಂಭಾಗದ ಛಾವಣಿಯ ಸುಮಾರು 18 ಅಡಿ ಉದ್ದದ ಭಾಗ ಕಿತ್ತುಹೋಯಿತು. ವಿಮಾನದಲ್ಲಿ 95 ಮಂದಿ ಇದ್ದರು. ಚಾಲಕರು ತೆರೆದ ಛಾವಣಿಯ ವಿಮಾನವನ್ನೇ ಸಮೀಪದ ದ್ವೀಪದಲ್ಲಿ ಇಳಿಸಿದರು. ಗಗನಸಖಿಯೊಬ್ಬರು ಮೃತಪಟ್ಟರು, 65 ಮಂದಿ ಗಾಯಗೊಂಡರು.

ಆ ವಿಮಾನ 19 ವರ್ಷ ಹಳೆಯದು. ದ್ವೀಪಗಳ ನಡುವಿನ ಕಿರು ಪ್ರಯಾಣಗಳಲ್ಲಿ ಸುಮಾರು 90 ಸಾವಿರ ಬಾರಿ ಹಾರಿ ಇಳಿದಿತ್ತು. ಸಮುದ್ರದ ಉಪ್ಪುಗಾಳಿ ಅದರ ನಿತ್ಯದ ಒಡನಾಡಿ. ಅದರ ಹೊರಕವಚದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಸಾಮಾನ್ಯ ಉಷ್ಣಾಂಶದಲ್ಲೇ ಗಟ್ಟಿಯಾಗುವ ಅಂಟು ಹಾಕಿ, ರಿವೆಟ್ ಹೊಡೆಯಲಾಗಿತ್ತು. ಭಾರ ಹೊರಬೇಕಾದದ್ದು ಅಂಟು ಮತ್ತು ರಿವೆಟ್ ಎರಡೂ ಸೇರಿ. ತೇವ ಹೊಕ್ಕು ಅಂಟು ಬಿಟ್ಟುಕೊಂಡ ಮೇಲೆ ಇಡೀ ಭಾರ ರಿವೆಟ್ ರಂಧ್ರಗಳ ತೆಳು ಅಂಚಿನ ಮೇಲೆ ಬಿತ್ತು. ಪ್ರತಿ ಹಾರಾಟದಲ್ಲೂ ಉಬ್ಬಿ ಕುಗ್ಗುವ ಕವಚದಲ್ಲಿ ರಂಧ್ರದಿಂದ ರಂಧ್ರಕ್ಕೆ ಸಣ್ಣ ಬಿರುಕುಗಳು ಬೆಳೆದು ಕೊನೆಗೆ ಒಂದಾದವು.

ಅಂಟು ಬಿಟ್ಟುದನ್ನೂ ಬಿರುಕುಗಳನ್ನೂ ನಿರ್ವಹಣಾ ತಪಾಸಣೆ ಪತ್ತೆ ಮಾಡಲಿಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1989ರ ವರದಿಯಲ್ಲಿ ಹೇಳಿತು. ಈ ಬಗೆಯ ತಣ್ಣನೆ ಅಂಟಿಸುವ ವಿಧಾನವನ್ನು ತಯಾರಕ ಸಂಸ್ಥೆ 1972ರಲ್ಲೇ ಕೈಬಿಟ್ಟಿತ್ತು. 1970ರ ದಶಕದಲ್ಲಿ ವಿಮಾನ ಉದ್ಯಮ ಹೊಸ ದಾರಿ ಕಂಡುಕೊಂಡಿತು. ಅಲ್ಯೂಮಿನಿಯಂ ಹಾಳೆಯನ್ನು ಫಾಸ್ಫರಿಕ್ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಸಂಸ್ಕರಿಸುವುದು ಮೊದಲ ಹಂತ. ಇದರಿಂದ ಮೇಲ್ಮೈಯಲ್ಲಿ ಜೇನುಗೂಡಿನಂತಹ ಸೂಕ್ಷ್ಮ ರಂಧ್ರಗಳುಳ್ಳ, ನೀರಿಗೆ ಸುಲಭವಾಗಿ ಮಣಿಯದ ಆಕ್ಸೈಡ್ ಮೂಡುತ್ತದೆ. ತಡಮಾಡದೆ ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಪ್ರೈಮರ್ ಸಿಂಪಡಿಸಿ ಒಲೆಯಲ್ಲಿ ಬೇಯಿಸಲಾಗುತ್ತದೆ. ಅಂಟಿನ ಸರದಿ ಬರುವುದು ಆಮೇಲೆ.

ಬೆಂಗಳೂರಿನ ಅನುಭವ

ಕರ್ನಾಟಕದಲ್ಲಿ ಈ ವಿದ್ಯೆ ಅತ್ಯಂತ ನಿಷ್ಠುರವಾಗಿ ಪರೀಕ್ಷೆಗೊಳಗಾಗುವುದು ಬೆಂಗಳೂರಿನ ವೈಮಾನಿಕ ಮತ್ತು ಬಾಹ್ಯಾಕಾಶ ಸಂಸ್ಥೆಗಳಲ್ಲಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, 2016ರಲ್ಲಿ ವಾಯುಪಡೆಗೆ ಸೇರಿದ ‘ತೇಜಸ್’ ಯುದ್ಧವಿಮಾನದ ರಚನೆಯ ತೂಕದಲ್ಲಿ ಸುಮಾರು ಶೇ. 45 ಭಾಗ ಇಂಗಾಲದ ನಾರಿನ ಸಂಯೋಜಿತ ವಸ್ತು. ಇದರ ಅಭಿವೃದ್ಧಿಯಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪಾತ್ರ ದೊಡ್ಡದು. ಭಾಗಗಳನ್ನು ಬಿಡಿಯಾಗಿ ಮಾಡಿ ಆಮೇಲೆ ಅಂಟಿಸುವ ಬದಲು, ಸಾಧ್ಯವಿರುವೆಡೆ ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿಧಾನವನ್ನು ಅಲ್ಲಿ ಬೆಳೆಸಲಾಯಿತು. ಜೋಡಣೆಗಳ ಸಂಖ್ಯೆ ಕಡಿಮೆಯಾದಷ್ಟೂ ಬಿಡುವ ಭಯ ಕಡಿಮೆ ಎಂಬುದು ಇದರ ಹಿಂದಿನ ತರ್ಕ.

ಒಟ್ಟಿಗೆ ಬೇಯಿಸಲಾಗದ ಕಡೆ ಅಂಟಿಸಲೇಬೇಕು. ಸಂಯೋಜಿತ ವಸ್ತುವಿನ ಮೇಲ್ಮೈಗೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವಸ್ತುವಿನ ಅಂಶ ಅಂಟಿರುವ ಅಪಾಯವಿದೆ. ಅದರ ಸೂಕ್ಷ್ಮ ಲೇಶವೂ ಜೋಡಣೆಯನ್ನು ಕೆಡಿಸಬಲ್ಲದು. ಆದುದರಿಂದ ಮೇಲ್ಮೈಯನ್ನು ಹದವಾಗಿ ಉಜ್ಜಿ, ಒರೆಸಿ, ನೀರು ಹನಿಗಟ್ಟದೆ ಹರಡುತ್ತದೆಯೇ ಎಂದು ನೋಡುವುದು ಈ ಉದ್ಯಮದ ಸಾಮಾನ್ಯ ಕ್ರಮ. ಕೋಟ್ಯಂತರ ರೂಪಾಯಿ ಬೆಲೆಯ ವಿಮಾನಕ್ಕೂ ಮೊದಲ ಪರೀಕ್ಷೆ ಕೆಸುವಿನ ಎಲೆಯ ಪರೀಕ್ಷೆಯೇ.

ಉಪಗ್ರಹಗಳದು ಇನ್ನೂ ಕಠಿಣ ಸ್ಥಿತಿ. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ‘ಆರ್ಯಭಟ’ ರೂಪುಗೊಂಡ ಕಾಲದಿಂದ ಬೆಂಗಳೂರು ಉಪಗ್ರಹ ನಿರ್ಮಾಣದ ಕೇಂದ್ರ. ಉಪಗ್ರಹದ ಫಲಕಗಳು ಸಾಮಾನ್ಯವಾಗಿ ಜೇನುಗೂಡಿನ ಆಕಾರದ ಅಲ್ಯೂಮಿನಿಯಂ ತಿರುಳಿಗೆ ಎರಡು ಬದಿ ತೆಳು ಹಾಳೆ ಅಂಟಿಸಿ ಮಾಡಿದವು. ಸೌರಕೋಶಗಳನ್ನು ಫಲಕಕ್ಕೆ ಹಿಡಿಸುವುದೂ ಸಿಲಿಕೋನ್ ಅಂಟಿನಿಂದ. ಬಿಸಿಲಿನಿಂದ ಭೂಮಿಯ ನೆರಳಿಗೆ ಸರಿಯುವಾಗ ಈ ಫಲಕಗಳು ನೂರಕ್ಕೂ ಹೆಚ್ಚು ಡಿಗ್ರಿಗಳ ಏರಿಳಿತ ಅನುಭವಿಸುತ್ತವೆ. ಸಿಲಿಕೋನ್ ಸುಲಭವಾಗಿ ಯಾವುದಕ್ಕೂ ಅಂಟುವ ಜಾತಿಯಲ್ಲವಾದ್ದರಿಂದ ಅದಕ್ಕೆ ಪ್ರೈಮರ್ ಬಳಸುವುದು ವಾಡಿಕೆ. ಮೇಲೆ ಹೋದ ಮೇಲೆ ರಿಪೇರಿಗೆ ಯಾರೂ ಹೋಗುವಂತಿಲ್ಲ.

ಪ್ರೈಮರ್‌ಗೆ ಇನ್ನೊಂದು ಮುಖವೂ ಇದೆ. ವಿಮಾನ ಪ್ರೈಮರ್‌ಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಸ್ಟ್ರಾನ್ಷಿಯಂ ಕ್ರೋಮೇಟ್ ತುಕ್ಕು ತಡೆಯುವುದರಲ್ಲಿ ಎತ್ತಿದ ಕೈ. ಆದರೆ ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಜನವರಿಯಿಂದ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಜಿರ್ಕೋನಿಯಂ ಮತ್ತು ಸೈಲೇನ್ ಆಧಾರಿತ ಲೇಪಗಳು ಕ್ರೋಮಿಯಂ ಇಲ್ಲದ ಪ್ರೈಮರ್‌ಗಳ ಜೊತೆ ಸೇರಿ ಪರ್ಯಾಯವಾಗಿ ಬೆಳೆಯುತ್ತಿವೆ.

ಕಾರಿನ ಗಾಜು: ಕಾಣದ ಕಪ್ಪು ಪಟ್ಟಿ

ವಿಮಾನ, ಉಪಗ್ರಹಗಳು ಸಾಮಾನ್ಯರಿಗೆ ದೂರದ ಮಾತು. ಹತ್ತಿರದ ಮಾತೆಂದರೆ ಕಾರಿನ ಮುಂಗಾಜು. ಬಂಕಾಪುರ, ಶಿಗ್ಗಾವಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಂತಹ ರಸ್ತೆಗಳಲ್ಲಿ ಲಾರಿಯ ಗಾಲಿಯಿಂದ ಸಿಡಿದ ಒಂದು ಕಲ್ಲು ಸಾಕು, ಮುಂಗಾಜು ಬದಲಿಸುವ ಸಂದರ್ಭ ಬರುತ್ತದೆ.

ಹಳೆಯ ಜೀಪು, ಲಾರಿ, ಬಸ್ಸುಗಳಲ್ಲಿ ಗಾಜನ್ನು ರಬ್ಬರ್ ಬೀಡಿಂಗ್ ಹಿಡಿದಿಡುತ್ತಿತ್ತು. ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ಚೌಕಟ್ಟಿಗೆ ಕೂಡಿಸಲಾಗುತ್ತದೆ. ಹೀಗೆ ಕೂಡಿಸಿದ ಗಾಜು ಕೇವಲ ಗಾಳಿ ತಡೆಯುವ ಪರದೆಯಲ್ಲ. ವಾಹನ ಮಗುಚಿದಾಗ ಛಾವಣಿಗೆ ಆಸರೆ ಕೊಡುವ ಭಾಗಗಳಲ್ಲಿ ಅದೂ ಒಂದು. ಹಲವು ಕಾರುಗಳಲ್ಲಿ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೆ ಒರಗಿಯೇ ಪ್ರಯಾಣಿಕನತ್ತ ಬರುತ್ತದೆ. ಗಾಜು ಅಂಟು ಬಿಟ್ಟು ಹೊರಗೆ ಹಾರಿದರೆ ಏರ್‌ಬ್ಯಾಗ್ ಇದ್ದೂ ಇಲ್ಲದಂತೆ. ಭಾರತದಲ್ಲಿ 2021ರಿಂದ ಕಾರುಗಳಿಗೆ ಮುಂದಿನ ಎರಡೂ ಆಸನಗಳ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ ಈ ಅಂಟಿನ ಹೊಣೆ ಇನ್ನೂ ಹೆಚ್ಚಿದೆ.

ಗಾಜಿನ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿ ಅಲಂಕಾರಕ್ಕಲ್ಲ. ಬಿಸಿಲಿನ ಅತಿನೇರಳೆ ಕಿರಣ ಪಾಲಿಯುರಿಥೇನ್ ಅಂಟನ್ನು ಕೆಡಿಸುತ್ತದೆ. ಅದನ್ನು ತಡೆಯುವುದು ಆ ಪಟ್ಟಿಯ ಕೆಲಸ. ಅದರ ಮೇಲೆ ಮೊದಲು ಶುದ್ಧಿಕಾರಕ, ನಂತರ ಅಂಟಿಗೆ ಹೊಂದುವ ಪ್ರೈಮರ್ ಬಳಿಯಬೇಕು. ಪ್ರೈಮರ್ ಗಾಜನ್ನು ಅಂಟಿನೊಡನೆ ಬೆಸೆಯುತ್ತದೆ, ಕಿರಣಗಳಿಗೂ ತಡೆಯಾಗುತ್ತದೆ. ಹಳೆಯ ಗಾಜು ಕೊಯ್ದು ತೆಗೆಯುವಾಗ ಚೌಕಟ್ಟಿನ ಬಣ್ಣಕ್ಕೆ ಗೀರು ಬಿದ್ದಿದ್ದರೆ ಆ ಜಾಗಕ್ಕೂ ಲೋಹದ ಪ್ರೈಮರ್ ಹಚ್ಚಬೇಕು. ಇಲ್ಲವಾದರೆ ಅಂಟಿನ ಅಡಿಯಲ್ಲೇ ತುಕ್ಕು ಹರಡಿ, ಗಾಜು ಅಂಟನ್ನು ಹಿಡಿದಿದ್ದರೂ ಅಂಟು ಕಾರನ್ನು ಬಿಟ್ಟಿರುತ್ತದೆ. ಅವಸರದ ಕೆಲಸದಲ್ಲಿ ಬಿಟ್ಟುಹೋಗುವುದು ಈ ಎರಡು ಹಂತಗಳೇ. ಗಾಜು ಕೂರಿಸಿದ ಮೇಲೆ ಎಷ್ಟು ಗಂಟೆ ವಾಹನ ಓಡಿಸಬಾರದು ಎಂಬುದನ್ನು ಅಂಟಿನ ತಯಾರಕರು ನಮೂದಿಸಿರುತ್ತಾರೆ. ಅದನ್ನು ಕೇಳಿ ತಿಳಿಯುವುದು ಗ್ರಾಹಕನ ಹಕ್ಕು.

ತೋಟದ ಪೈಪಿಗೆ ಮರಳಿ

ಪಿವಿಸಿ ಪೈಪಿನ ಸಂಗತಿ ಸ್ವಲ್ಪ ಭಿನ್ನ. ಇಲ್ಲಿ ಬಳಸುವ ಸಾಲ್ವೆಂಟ್ ಸಿಮೆಂಟ್ ಸಾಮಾನ್ಯ ಅರ್ಥದ ಅಂಟಲ್ಲ. ಅದು ಎರಡೂ ಪೈಪುಗಳ ಮೇಲ್ಪದರವನ್ನು ಕರಗಿಸಿ ಒಂದರೊಳಗೊಂದು ಬೆರೆಸುತ್ತದೆ. ದ್ರಾವಕ ಆರಿದ ಮೇಲೆ ಎರಡು ಪೈಪು ಒಂದೇ ವಸ್ತುವಾಗುತ್ತವೆ. ಇಲ್ಲಿ ಪ್ರೈಮರ್‌ನ ಕೆಲಸ ಹೊಳಪಿನ ಮೇಲ್ಪದರವನ್ನು ಮುಂಚಿತವಾಗಿ ಮೆತ್ತಗಾಗಿಸುವುದು. ಅಮೆರಿಕದ ಹಲವೆಡೆ ಪ್ಲಂಬಿಂಗ್ ನಿಯಮಗಳು ಪ್ರೈಮರ್ ಬಳಕೆಯನ್ನು ಬಯಸುತ್ತವೆ. ಹಚ್ಚಿದ್ದು ತಪಾಸಕರ ಕಣ್ಣಿಗೆ ಕಾಣಲೆಂದು ಅದಕ್ಕೆ ನೇರಳೆ ಬಣ್ಣ ಬೆರೆಸುತ್ತಾರೆ. ನಮ್ಮಲ್ಲಿ ಬಹುತೇಕ ಕೆಲಸ ಸಿಮೆಂಟಿನಿಂದಲೇ ಮುಗಿಯುತ್ತದೆ. ಸಣ್ಣ ಪೈಪಿಗೆ, ಬೆಚ್ಚನೆಯ ಹವೆಯಲ್ಲಿ ಅದು ನಡೆದೀತು. ಅಳತೆ ದೊಡ್ಡದಾದಂತೆ, ಒತ್ತಡ ಹೆಚ್ಚಿದಂತೆ, ಹವೆ ತಂಪಾದಂತೆ ಪ್ರೈಮರ್‌ನ ಮಹತ್ವ ಹೆಚ್ಚುತ್ತದೆ.

ಪ್ರೈಮರ್ ಇರಲಿ ಬಿಡಲಿ, ಪೈಪಿನ ತುದಿಯ ಮಣ್ಣು ಒರೆಸುವುದು, ಕೊಯ್ದ ಅಂಚಿನ ಸಿಬಿರು ತೆಗೆಯುವುದು, ಎಮರಿ ಕಾಗದದಿಂದ ಹೊಳಪು ಮುರಿಯುವುದು, ಪೂರ್ತಿ ಒಣಗಿಸುವುದು ತಪ್ಪಿಸಬಾರದ ಕೆಲಸಗಳು. ನೀರು ಜಿನುಗುತ್ತಿರುವ ಪೈಪಿಗೆ ಸೊಲ್ಯೂಷನ್ ಹಚ್ಚಿ, ಹತ್ತು ನಿಮಿಷದಲ್ಲಿ ಮೋಟಾರು ಚಾಲೂ ಮಾಡಿದರೆ ಜೋಡಣೆಯ ಆಯುಷ್ಯ ಅಲ್ಲಿಗೇ ಅರ್ಧ ಮುಗಿದಂತೆ.

ರೈತರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹನಿ ನೀರಾವರಿಯ ಕಪ್ಪು ಪೈಪು, ತುಂತುರು ನೀರಾವರಿಯ ಎಚ್‌ಡಿಪಿಇ ಪೈಪುಗಳು ಪಾಲಿಥಿನ್ ಜಾತಿಯವು. ಪಿವಿಸಿ ಸೊಲ್ಯೂಷನ್ ಅವನ್ನು ಕರಗಿಸುವುದೂ ಇಲ್ಲ, ಅಂಟಿಸುವುದೂ ಇಲ್ಲ. ಅವಕ್ಕೆ ಕ್ಲಾಂಪು, ಜಾಯಿನರ್ ಅಥವಾ ಬಿಸಿ ಮಾಡಿ ಬೆಸೆಯುವ ವಿಧಾನವೇ ಸರಿ.

ಚಪ್ಪಲಿ, ಟೈಲ್ಸ್, ಹಲ್ಲು

ಚಪ್ಪಲಿ ಹೊಲಿಯುವವರು ಅಟ್ಟೆಗೆ ಅಂಟು ಹಚ್ಚುವ ಮುನ್ನ ಉಜ್ಜಿ ಒರಟು ಮಾಡಿ, ಹಚ್ಚಿದ ಅಂಟನ್ನು ಆರಲು ಬಿಟ್ಟು, ನಂತರ ತಟ್ಟಿ ಕೂಡಿಸುತ್ತಾರೆ. ಪ್ರಯೋಗಾಲಯದ ಶಾಸ್ತ್ರವನ್ನು ಓದದೆಯೇ ಕೈಗೆ ಒಲಿಸಿಕೊಂಡ ವಿದ್ಯೆ ಇದು. ಆದರೆ ಈಗಿನ ಹಗುರ ಅಟ್ಟೆಗಳ ಕೆಲವು ಪ್ಲಾಸ್ಟಿಕ್ ಮತ್ತು ರಬ್ಬರ್ ಬಗೆಗಳಿಗೆ ಉಜ್ಜುವುದಷ್ಟೇ ಸಾಲದು. ಕಾರ್ಖಾನೆಗಳಲ್ಲಿ ಅವಕ್ಕೆ ಕ್ಲೋರಿನ್ ಅಂಶ ಬಿಡುವ ಪ್ರೈಮರ್ ಬಳಿದು ಮೇಲ್ಮೈಯ ಗುಣವನ್ನೇ ಬದಲಿಸುತ್ತಾರೆ. ಕಾರಿನ ಪ್ಲಾಸ್ಟಿಕ್ ಬಂಪರಿಗೆ ಬಣ್ಣ ಹಿಡಿಸುವಾಗಲೂ ಇಂತಹದೇ ಲೇಪ ಬೇಕು.

ಮನೆಯ ವಿಷಯದಲ್ಲಿ ವಿಟ್ರಿಫೈಡ್ ಟೈಲ್ಸ್ ಹೆಚ್ಚು ತೊಂದರೆ ಕೊಡುತ್ತವೆ. ಇವು ನೀರು ಹೀರುವುದು ತೂಕದ ಅರ್ಧ ಶೇಕಡಾಕ್ಕಿಂತ ಕಡಿಮೆ. ಹೀರದ ಟೈಲ್ಸಿಗೆ ಬರಿಯ ಸಿಮೆಂಟ್ ಗಾರೆ ಹಿಡಿಯುವುದಿಲ್ಲ. ಅದಕ್ಕೆ ಪಾಲಿಮರ್ ಬೆರೆತ ಟೈಲ್ ಅಂಟು ಬೇಕು. ಭಾರತೀಯ ಮಾನಕ ಐಎಸ್ 15477 ಇದಕ್ಕೆ ಸಂಬಂಧಿಸಿದ್ದು. ಗೋಡೆ ಪುಡಿಯೇಳುತ್ತಿದ್ದರೆ ಅಥವಾ ಹಳೆಯ ಟೈಲ್ಸಿನ ಮೇಲೆ ಹೊಸದು ಕೂರಿಸುವುದಿದ್ದರೆ ಅದಕ್ಕೂ ಮುನ್ನ ಪ್ರೈಮರ್ ಅಗತ್ಯ.

ದಂತ ವೈದ್ಯರ ಕುರ್ಚಿಯಲ್ಲೂ ಇದೇ ಕ್ರಮ. ಹಲ್ಲಿನ ಎನಾಮಲ್ಲಿಗೆ ಫಾಸ್ಫರಿಕ್ ಆಮ್ಲ ಹಚ್ಚಿ ಸೂಕ್ಷ್ಮವಾಗಿ ಒರಟು ಮಾಡಿದರೆ ಫಿಲ್ಲಿಂಗ್ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಮೆರಿಕದ ಮೈಕಲ್ ಬುವೊನೊಕೋರ್ 1955ರಲ್ಲಿ ಪ್ರಕಟಿಸಿದರು. ಎನಾಮಲ್ಲಿನ ಒಳಗಿರುವ ಡೆಂಟಿನ್ ಸದಾ ತೇವವಾಗಿರುವುದರಿಂದ ಅದಕ್ಕೆ ತೇವದೊಡನೆಯೂ ರಾಳದೊಡನೆಯೂ ಹೊಂದುವ ಪ್ರೈಮರ್ ಬೇಕಾಯಿತು. ಹಲ್ಲಿಗೆ ಆಮ್ಲ, ಲೇಪ, ನೀಲಿ ಬೆಳಕು ಎಂದು ವೈದ್ಯರು ಹಂತಹಂತವಾಗಿ ಮಾಡುವ ಕೆಲಸದ ಅರ್ಥ ಇದು.

ಪ್ರೈಮರ್ ಹಚ್ಚಿದರೂ ಕೆಡುವುದೇಕೆ?

ಪ್ರೈಮರ್ ಬಳಸಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದಲ್ಲ. ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

* ದಪ್ಪವಾಗಿ ಬಳಿಯುವುದು. ಹೆಚ್ಚು ಹಚ್ಚಿದರೆ ಹೆಚ್ಚು ಗಟ್ಟಿ ಎಂಬುದು ತಪ್ಪು ಕಲ್ಪನೆ. ದಪ್ಪ ಪ್ರೈಮರ್ ತಾನೇ ದುರ್ಬಲ ಪದರವಾಗುತ್ತದೆ.

* ಆರಲು ಬಿಡದಿರುವುದು. ದ್ರಾವಕ ಒಳಗೇ ಸಿಕ್ಕಿಕೊಂಡರೆ ಗುಳ್ಳೆಗಳಾಗುತ್ತವೆ. ಅತಿಯಾಗಿ ಆರಲು ಬಿಟ್ಟರೆ ಕೆಲವು ಪ್ರೈಮರ್‌ಗಳು ನಿಷ್ಕ್ರಿಯವಾಗುತ್ತವೆ. ಪಿವಿಸಿ ಪ್ರೈಮರ್‌ಗೆ ಮಾತ್ರ ಈ ನಿಯಮ ತಿರುಗುಮುರುಗು. ಅದು ಹಸಿಯಿರುವಾಗಲೇ ಸಿಮೆಂಟ್ ಹಚ್ಚಬೇಕು.

* ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುವುದು. ಬೆರಳಿನ ಎಣ್ಣೆ ಪಸೆ ಮಾಡಿದ ಕೆಲಸವನ್ನೆಲ್ಲ ಕೆಡಿಸುತ್ತದೆ. ಒಂದೇ ಕೊಳಕು ಅರಿವೆಯಿಂದ ಹತ್ತು ಬಾರಿ ಒರೆಸುವುದೂ ಹೀಗೆಯೇ.

* ತೆರೆದಿಟ್ಟ ಡಬ್ಬಿ ಬಳಸುವುದು. ಸೈಲೇನ್, ಐಸೊಸಯನೇಟ್ ಅಂಶವಿರುವ ಪ್ರೈಮರ್‌ಗಳು ಗಾಳಿಯ ತೇವದಿಂದಲೇ ಕೆಡುತ್ತವೆ. ಮಳೆಗಾಲದಲ್ಲಿ ಈ ತೊಂದರೆ ಹೆಚ್ಚು.

* ಹೊಂದದ ಜೋಡಿ. ಒಂದು ಅಂಟಿನ ಪ್ರೈಮರ್ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ.

ಆರೋಗ್ಯದ ಎಚ್ಚರಿಕೆಯೂ ಅಗತ್ಯ. ಬಹುತೇಕ ಪ್ರೈಮರ್‌ಗಳ ದ್ರಾವಕ ಬೇಗ ಹೊತ್ತಿಕೊಳ್ಳುವಂತಹದು. ಅದರ ಆವಿ ತಲೆಸುತ್ತು ತರುತ್ತದೆ. ಐಸೊಸಯನೇಟ್ ಇರುವ ಪ್ರೈಮರ್‌ಗಳಿಂದ ಅಸ್ತಮಾ ಉಂಟಾಗಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಬೀಡಿ ಸೇದುತ್ತ, ಬರಿಗೈಯಲ್ಲಿ ಮಾಡುವ ಕೆಲಸ ಇದಲ್ಲ. ಗಾಳಿಯಾಡುವ ಜಾಗ, ಕೈಗವಸು ಕನಿಷ್ಠ ಅವಶ್ಯಕತೆಗಳು.

ಅಗ್ಗದ ಹಂತ, ದುಬಾರಿ ಮರೆವು

ಜೋಡಣೆಯ ಒಟ್ಟು ವೆಚ್ಚದಲ್ಲಿ ಪ್ರೈಮರ್‌ನ ಪಾಲು ಸಾಮಾನ್ಯವಾಗಿ ಅತಿ ಸಣ್ಣದು. ಆದರೂ ಮೊದಲು ಕೈಬಿಡುವುದು ಅದನ್ನೇ. ಕಾರಣ ಸರಳ. ಅದನ್ನು ಬಿಟ್ಟರೆ ಇಂದು ಏನೂ ಆಗುವುದಿಲ್ಲ. ಕೆಲಸ ಮುಗಿಸಿದವನು ಹಣ ಪಡೆದು ಹೋಗಿರುತ್ತಾನೆ, ಜೋಡಣೆಯೂ ಗಟ್ಟಿಯಾಗಿಯೇ ಇರುತ್ತದೆ. ನೀರು ತನ್ನ ಕೆಲಸವನ್ನು ನಿಧಾನವಾಗಿ ಮಾಡಿ ಮುಗಿಸುವಾಗ ಹೊಣೆ ಹೊರಲು ಅಲ್ಲಿ ಯಾರೂ ಇರುವುದಿಲ್ಲ.

ಹಾಗಾಗಿ ಗಾಜು ಕೂರಿಸುವವರನ್ನಾಗಲಿ, ಟೈಲ್ಸ್ ಹಾಕುವವರನ್ನಾಗಲಿ, ಪೈಪು ಜೋಡಿಸುವವರನ್ನಾಗಲಿ ‘ಯಾವ ಅಂಟು?’ ಎಂದು ಕೇಳುವುದರ ಜೊತೆಗೆ ‘ಅಂಟಿಗೆ ಮೊದಲು ಏನು ಮಾಡುತ್ತೀರಿ?’ ಎಂದು ಕೇಳುವುದು ಲೇಸು. ಸವಣೂರಿನ ಎಲೆತೋಟಕ್ಕೆ ಮುಂದಿನ ಬೇಸಿಗೆಯಲ್ಲೂ ತಪ್ಪದೆ ನೀರು ಹರಿಯಬೇಕಾದರೆ ಉತ್ತರ ಪಡೆಯಬೇಕಾದದ್ದು ಈ ಎರಡನೆಯ ಪ್ರಶ್ನೆಗೆ.